ನದಿಯ ಆರೋಗ್ಯ: ಅಕಶೇರುಕಗಳ ಸಾಕ್ಷ್ಯ

ಚೆನ್ನೈನ ಪ್ಯಾರೀಸ್ ಕಾರ್ನರ್‌ನಿಂದ ದಕ್ಷಿಣಕ್ಕೆ ಸೇಂಟ್ ಜಾರ್ಜ್ ಕೋಟೆಯನ್ನು ದಾಟಿ ಬಂದರೆ ನೇಪಿಯರ್ ಸೇತುವೆ ಎದುರಾಗುತ್ತದೆ. ಅದರ ಕೆಳಗೆ ಕಡಲನ್ನು ಸೇರುವ ಕೂವಂ ನದಿ ಮದರಾಸು ವಿಶ್ವವಿದ್ಯಾನಿಲಯದ ಚೆಪಾಕ್ ಆವರಣದ ನೆರೆಯಲ್ಲೇ ಹರಿಯುತ್ತದೆ. ನಗರದೊಳಗೆ ಅದು ಕೊಳಚೆಯನ್ನು ಹೊರುತ್ತದೆಂಬುದಕ್ಕೆ ಮೂಗೇ ಸಾಕ್ಷಿ. ಆದರೆ ನದಿ ಎಲ್ಲಿಂದ ಕೆಟ್ಟಿದೆ, ಎಷ್ಟು ಕೆಟ್ಟಿದೆ, ಚೇತರಿಸಿಕೊಳ್ಳುತ್ತಿದೆಯೇ ಎಂಬ ಪ್ರಶ್ನೆಗಳಿಗೆ ಮೂಗು ಉತ್ತರಿಸಲಾರದು.

ನೀರಿನ ರಾಸಾಯನಿಕ ಪರೀಕ್ಷೆ ಅಗತ್ಯವಾದುದೇ. ಆದರೆ ಅದು ಮಾದರಿಯನ್ನು ತೆಗೆದ ಗಳಿಗೆಯ ಸ್ಥಿತಿಯನ್ನು ಮಾತ್ರ ಹೇಳುತ್ತದೆ. ರಾತ್ರಿ ಹೊಳೆಗೆ ಬಿಟ್ಟ ವಿಷ ಬೆಳಗಾಗುವಷ್ಟರಲ್ಲಿ ಕೊಚ್ಚಿಹೋಗಿರಬಹುದು. ತಳದ ಕಲ್ಲು, ಕೆಸರುಗಳಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಬಾಳುವ ಬೆನ್ನೆಲುಬಿಲ್ಲದ ಜೀವಿಗಳು ಹಾಗೆ ಸುಲಭವಾಗಿ ತಪ್ಪಿಸಿಕೊಳ್ಳಲಾರವು. ನಡೆದುದೆಲ್ಲದರ ಪರಿಣಾಮ ಅವುಗಳ ಸಮುದಾಯದಲ್ಲಿ ಉಳಿಯುತ್ತದೆ.

ಸ್ಟೋನ್‌ಫ್ಲೈ ಹಾಗೂ ಅನೇಕ ಮೇಫ್ಲೈಗಳ ಮರಿಗಳಿಗೆ ಆಮ್ಲಜನಕ ಸಮೃದ್ಧವಾಗಿರುವ ನೀರು ಬೇಕು. ಕೊಳಚೆ ಸೇರಿದಾಗ ಅದನ್ನು ಕೊಳೆಯಿಸುವ ಬ್ಯಾಕ್ಟೀರಿಯಾಗಳು ಆಮ್ಲಜನಕವನ್ನು ಬಳಸಿಬಿಡುವುದರಿಂದ ಇವು ಮೊದಲು ಮರೆಯಾಗುತ್ತವೆ. ಕೊನೆಗೆ ಉಳಿಯುವವು ಟ್ಯೂಬಿಫೆಕ್ಸ್ ಹುಳುಗಳು ಮತ್ತು ಕೈರೊನೊಮಿಡ್ ನೊಣಗಳ ಕೆಂಪು ಮರಿಗಳು. ಆ ಕೆಂಪಿಗೆ ಕಾರಣ ಹಿಮೋಗ್ಲೋಬಿನ್. ಅಲ್ಪ ಆಮ್ಲಜನಕದಲ್ಲಿಯೂ ಬದುಕಲು ಅದು ನೆರವಾಗುತ್ತದೆ.

ಈ ತಿಳಿವಳಿಕೆಯನ್ನು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಜರ್ಮನಿಯ ಕೋಲ್ಕ್‌ವಿಟ್ಸ್ ಮತ್ತು ಮಾರ್ಸನ್ ಶಾಸ್ತ್ರೀಯ ಪದ್ಧತಿಯಾಗಿ ರೂಪಿಸಿದರು. ಮುಂದೆ ಬ್ರಿಟನ್ನಿನಲ್ಲಿ ಪ್ರತಿಯೊಂದು ಜೀವಿಕುಟುಂಬಕ್ಕೂ ಅದರ ಸೂಕ್ಷ್ಮತೆಗೆ ತಕ್ಕಂತೆ 1ರಿಂದ 10ರವರೆಗೆ ಅಂಕ ನೀಡುವ ಕ್ರಮ ಬಂದಿತು. ದೊರೆತ ಕುಟುಂಬಗಳ ಅಂಕಗಳನ್ನು ಕೂಡಿ, ಕುಟುಂಬಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ಸಿಗುತ್ತದೆ. ಭಾರತದ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಇಂಥ ಅಂಕದೊಡನೆ ಜೀವವೈವಿಧ್ಯದ ಅಳತೆಯನ್ನೂ ಸೇರಿಸಿ ನೀರನ್ನು ಐದು ವರ್ಗಗಳಾಗಿ ವಿಂಗಡಿಸುತ್ತದೆ. ಬೆಂಗಳೂರಿನ ‘ಏಟ್ರೀ’ ಸಂಸ್ಥೆ 2007ರಲ್ಲಿ ಸುಬ್ರಮಣಿಯನ್ ಮತ್ತು ಶಿವರಾಮಕೃಷ್ಣನ್ ಅವರು ರಚಿಸಿದ, ಜಲಕೀಟಗಳನ್ನಾಧರಿಸಿದ ಕೈಪಿಡಿಯೊಂದನ್ನು ಪ್ರಕಟಿಸಿತು.

ಇಲ್ಲಿ ಒಂದು ಎಚ್ಚರ ಅವಶ್ಯ. ನೇಪಿಯರ್ ಸೇತುವೆಯ ಬಳಿ ಮೇಫ್ಲೈ ಕಾಣದಿದ್ದರೆ ಕೊಳಚೆಯೊಂದನ್ನೇ ದೂರುವಂತಿಲ್ಲ. ಉಬ್ಬರದೊಡನೆ ಒಳಬರುವ ಉಪ್ಪುನೀರನ್ನೂ ಅವು ಸಹಿಸಲಾರವು. ಮಲೆನಾಡಿನ ತಂಪಾದ ಕಲ್ಲುಹೊಳೆಯ ಅಳತೆಗೋಲನ್ನು ಬಯಲಿನ ನಿಧಾನ ಹರಿವಿಗೆ ಹಿಡಿದರೆ ನಿರಪರಾಧಿ ನದಿಯೂ ರೋಗಿಯಾಗಿ ತೋರೀತು. ಆದ್ದರಿಂದ ಅದೇ ಬಗೆಯ, ಕೆಡದ ತಾಣದೊಡನೆ ಹೋಲಿಸಿಯೇ ತೀರ್ಪು ಕೊಡಬೇಕು.

ಬಲೆ, ಬಿಳಿಯ ತಟ್ಟೆ, ಭೂತಗನ್ನಡಿ ಇದ್ದರೆ ಶಾಲೆಯ ಮಕ್ಕಳೂ ಈ ಕೆಲಸವನ್ನು ಆರಂಭಿಸಬಹುದು. ಅವರಿಗೆ ಬೇಕಾದ ಇನ್ನೊಂದು ಸಾಧನ ಭಾಷೆ. ಜಿಗಣೆ, ಬಸವನಹುಳುಗಳಿಗೆ ಎಲ್ಲರೂ ಬಲ್ಲ ಕನ್ನಡ ಹೆಸರುಗಳಿವೆ. ಈ ಲೇಖನದಲ್ಲಿಯೇ ಬಂದ ಮೇಫ್ಲೈ, ಸ್ಟೋನ್‌ಫ್ಲೈಗಳಿಗೆ ಇಂಗ್ಲಿಷ್ ಹೆಸರನ್ನೇ ಬಳಸಬೇಕಾಯಿತು. ಹೊಳೆಯ ಬದಿಯ ಬೆಸ್ತರು, ರೈತರು ಇಂಥ ಹುಳುಗಳನ್ನು ಏನೆಂದು ಕರೆಯುತ್ತಾರೆಂದು ಕೇಳಿ ಬರೆದಿಡುವ ಕೆಲಸ ಕನ್ನಡ ವಿಭಾಗಗಳದ್ದು. ಹೆಸರಿಲ್ಲದ ಜೀವಿ ಅಳಿದರೆ ಅಳಿದುದು ಏನೆಂದು ಹೇಳಲೂ ನಮಗೆ ಮಾತಿರುವುದಿಲ್ಲ.