ವೇಗದ ಕಾರು: ಆಯ್ಕೆ ಹೇಗೆ?

ಎರಡು ಕಾರುಗಳಲ್ಲಿ ಯಾವುದು ಮೇಲು ಎಂಬ ಮಾತು ಬಂದಾಗ ನಾವು ತಟ್ಟನೆ ಕೇಳುವುದು ಒಂದೇ ಪ್ರಶ್ನೆ: ‘ಎಷ್ಟು ಸ್ಪೀಡು ಹೋಗುತ್ತದೆ?’ ಮನೆಮಂದಿ ಓಡಾಡುವ ಕಾರಾದರೆ ಮೈಲೇಜು, ಬೆಲೆ, ರಿಪೇರಿ ಖರ್ಚುಗಳ ವಿಚಾರವೂ ಹಿಂದೆಯೇ ಬರುತ್ತದೆ. ವೇಗಕ್ಕೆಂದೇ ತಯಾರಾದ ಸ್ಪೋರ್ಟ್ಸ್ ಕಾರುಗಳಾದರೆ ಮಾತ್ರ ಗರಿಷ್ಠ ವೇಗದ ಅಂಕಿಯೇ ಎಲ್ಲವನ್ನೂ ಮರೆಮಾಡುತ್ತದೆ. ಈ ಅಂಕಿಯನ್ನು ಎಷ್ಟರಮಟ್ಟಿಗೆ ನಂಬಬಹುದು? ಇದನ್ನು ತಿಳಿಯಲು 1987ರಲ್ಲಿ ಎದುರುಬದುರಾಗಿ ನಿಂತ ಎರಡು ಕಾರುಗಳನ್ನು ನೋಡೋಣ. ಒಂದು ಜರ್ಮನಿಯ ಪೋರ್ಷೆ 959. ಇನ್ನೊಂದು ಇಟಲಿಯ ಫೆರಾರಿ ಎಫ್-40.

ಇವೆರಡರ ಮೂಲವೂ ಒಂದೇ. 1980ರ ದಶಕದಲ್ಲಿ ‘ಗ್ರೂಪ್ ಬಿ’ ಎಂಬ ಸ್ಪರ್ಧಾ ವರ್ಗವಿತ್ತು. ಕನಿಷ್ಠ 200 ಕಾರುಗಳನ್ನು ತಯಾರಿಸಿದರೆ ಆ ಮಾದರಿಗೆ ಈ ವರ್ಗದಲ್ಲಿ ಸ್ಪರ್ಧಿಸಲು ಅವಕಾಶ ಸಿಗುತ್ತಿತ್ತು. ಪೋರ್ಷೆ ಕಂಪನಿ ತನ್ನ ಮೊದಲ ನಮೂನೆಯನ್ನು 1983ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಇಟ್ಟಿತು. ಫೆರಾರಿ ಕಂಪನಿಯೂ ಇದೇ ವರ್ಗಕ್ಕಾಗಿ 288 ಜಿಟಿಒ ಎಂಬ ಕಾರನ್ನು ಸಿದ್ಧಪಡಿಸಿತು. ಎಫ್-40 ಅದರ ವಂಶದ್ದೇ. ಆದರೆ 1986ರಲ್ಲಿ ಪೋರ್ಚುಗಲ್ ಮತ್ತು ಕಾರ್ಸಿಕಾದ ರ‍್ಯಾಲಿಗಳಲ್ಲಿ ಪ್ರೇಕ್ಷಕರೂ ಚಾಲಕರೂ ಪ್ರಾಣ ಕಳೆದುಕೊಂಡರು. ಆ ವರ್ಷದ ಕೊನೆಗೆ ಗ್ರೂಪ್ ಬಿ ರ‍್ಯಾಲಿಗೆ ತೆರೆಬಿತ್ತು. ಹೀಗೆ ಸ್ಪರ್ಧೆಗೆಂದು ಹುಟ್ಟಿದ ತಂತ್ರಜ್ಞಾನ ಸಾರ್ವಜನಿಕ ರಸ್ತೆಗೆ, ಹಣವಿರುವ ಯಾರದೇ ಕೈಗಾದರೂ ಬರುವಂತಾಯಿತು.

ಈಗ ಅಂಕಿಗಳನ್ನು ಗಮನಿಸಿ. ಪೋರ್ಷೆಯ ಗರಿಷ್ಠ ವೇಗ ಗಂಟೆಗೆ 317 ಕಿ.ಮೀ. ಫೆರಾರಿಯದು 324 ಕಿ.ಮೀ. ಅಂತರ ಕೇವಲ 7 ಕಿ.ಮೀ. ಪೋರ್ಷೆಯ ಎಂಜಿನ್ 450 ಅಶ್ವಶಕ್ತಿಯದು, ಫೆರಾರಿಯ ಎಂಜಿನ್ 478 ಅಶ್ವಶಕ್ತಿಯದು. ವೇಗ ಹೆಚ್ಚಿದಂತೆ ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ. ಅದನ್ನು ಮೀರಿ ಓಡಲು ಬೇಕಾಗುವ ಶಕ್ತಿ ಘನದಷ್ಟು ಏರುತ್ತದೆ. ಅಂದರೆ ವೇಗ ಎರಡು ಪಟ್ಟಾಗಬೇಕಾದರೆ ಶಕ್ತಿ ಸುಮಾರು ಎಂಟು ಪಟ್ಟು ಬೇಕು. ಈ ಲೆಕ್ಕದಲ್ಲಿ ಕೊನೆಯ ಆ 7 ಕಿ.ಮೀ.ಗೆ ಶೇಕಡ 6ರಿಂದ 7ರಷ್ಟು ಹೆಚ್ಚು ಶಕ್ತಿ ಬೇಕಾಗುತ್ತದೆ. ಫೆರಾರಿಗೆ ಇರುವ ಹೆಚ್ಚುವರಿ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಗರಿಷ್ಠ ವೇಗದ ಅಂಕಿ ನಮಗೆ ಹೊಸದೇನನ್ನೂ ಹೇಳುವುದಿಲ್ಲ.

ನಿಜವಾದ ವ್ಯತ್ಯಾಸ ಕಾಣಬೇಕಾದರೆ ತೂಕವನ್ನು ನೋಡಬೇಕು. ಎಣ್ಣೆ, ನೀರು ತುಂಬಿಸದ ಎಫ್-40 ಸುಮಾರು 1,100 ಕಿಲೋ ತೂಗುತ್ತದೆ. 959ರ ತೂಕ 1,450 ಕಿಲೋ. ಎಣ್ಣೆ, ನೀರಿನ ಲೆಕ್ಕ ಬಿಟ್ಟರೂ ಫೆರಾರಿ ಬಹಳ ಹಗುರ. ಶಕ್ತಿ ಹೆಚ್ಚು, ತೂಕ ಕಡಿಮೆ. ಅಂದಮೇಲೆ ನಿಂತಲ್ಲಿಂದ ಹೊರಟಾಗ ಅದೇ ಮುಂದಿರಬೇಕಲ್ಲವೆ? ಇಲ್ಲ. ಕಂಪನಿಗಳು ಕೊಟ್ಟ ಅಂಕಿಗಳ ಪ್ರಕಾರ ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು ಪೋರ್ಷೆಗೆ 3.7 ಸೆಕೆಂಡು ಸಾಕು, ಫೆರಾರಿಗೆ 4.1 ಸೆಕೆಂಡು ಬೇಕು.

ಇದಕ್ಕೆ ಕಾರಣ ಎಂಜಿನ್ನಿನಲ್ಲಿಲ್ಲ, ಟೈರಿನಲ್ಲಿದೆ. ಎಂಜಿನ್ ಎಷ್ಟೇ ಬಲ ಕೊಡಲಿ, ಅದು ನೆಲಕ್ಕೆ ತಲುಪುವುದು ಟೈರು ರಸ್ತೆಯನ್ನು ಕಚ್ಚುವ ಅಂಗೈಯಗಲದ ಜಾಗದಿಂದ. ಆ ಹಿಡಿತಕ್ಕೆ ಮಿತಿಯಿದೆ. ಮಿತಿ ಮೀರಿದ ಬಲ ಕಾರನ್ನು ಮುಂದೆ ತಳ್ಳದೆ ಚಕ್ರವನ್ನು ಸುಮ್ಮನೆ ತಿರುಗಿಸುತ್ತದೆ. ಫೆರಾರಿಯ ಬಲವೆಲ್ಲ ಹಿಂದಿನ ಎರಡು ಚಕ್ರಗಳಿಗೆ ಹೋಗುತ್ತದೆ. ಪೋರ್ಷೆ ಆ ಬಲವನ್ನು ನಾಲ್ಕೂ ಚಕ್ರಗಳಿಗೆ ಹಂಚುತ್ತದೆ. ಯಾವ ಚಕ್ರಕ್ಕೆ ಎಷ್ಟು ಎಂಬುದನ್ನು ರಸ್ತೆಯ ಸ್ಥಿತಿ ನೋಡಿ ಎಲೆಕ್ಟ್ರಾನಿಕ್ ವ್ಯವಸ್ಥೆ ನಿರ್ಧರಿಸುತ್ತದೆ. ಒಣ ರಸ್ತೆ, ಒದ್ದೆ ರಸ್ತೆ, ಹಿಮದ ರಸ್ತೆಗಳಿಗೆ ಬೇರೆಬೇರೆ ಏರ್ಪಾಡುಗಳಿವೆ. 1986ರ ಪ್ಯಾರಿಸ್-ಡಾಕರ್ ಮರುಭೂಮಿ ಸ್ಪರ್ಧೆಯಲ್ಲಿ 959 ಗೆದ್ದುದೂ ಈ ಹಿಡಿತದ ಬಲದಿಂದಲೇ.

ಎರಡರಲ್ಲೂ ಎರಡೆರಡು ಟರ್ಬೊಗಳಿವೆ. ಎಂಜಿನ್ನಿನಿಂದ ಹೊರಬರುವ ಹೊಗೆಯ ಒತ್ತಡದಿಂದಲೇ ತಿರುಗಿ, ಎಂಜಿನ್ನಿನೊಳಕ್ಕೆ ಹೆಚ್ಚು ಗಾಳಿಯನ್ನು ನೂಕುವ ಯಂತ್ರವೇ ಟರ್ಬೊ. ಪೋರ್ಷೆಯಲ್ಲಿ ಮೊದಲು ಒಂದು ಟರ್ಬೊ ಕೆಲಸ ಶುರುಮಾಡುತ್ತದೆ, ಎಂಜಿನ್ ವೇಗ ಏರಿದ ಮೇಲೆ ಎರಡನೆಯದು ಜೊತೆಗೂಡುತ್ತದೆ. ಹಾಗಾಗಿ ಬಲ ಹಂತಹಂತವಾಗಿ ಏರುತ್ತದೆ. ಫೆರಾರಿಯಲ್ಲಿ ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ. ಚಾಲಕ ಪೆಡಲು ಒತ್ತಿದಾಗ ಮೊದಲು ಕ್ಷಣಕಾಲ ಏನೂ ಆಗದು, ಅನಂತರ ಬಲವೆಲ್ಲ ಒಮ್ಮೆಲೇ ನುಗ್ಗಿ ಬರುತ್ತದೆ. ಒದ್ದೆ ರಸ್ತೆಯ ತಿರುವಿನಲ್ಲಿ ಈ ಕ್ಷಣ ಬಂದರೆ ಕಾರಿನ ಹಿಂಭಾಗ ಪಕ್ಕಕ್ಕೆ ಜಾರಬಹುದು.

ಹಾಗೆಂದು ಫೆರಾರಿಯನ್ನು ತಯಾರಿಸಿದವರು ತಿಳಿಯದೆ ಮಾಡಿದರೆಂದು ಭಾವಿಸಬೇಡಿ. ಕಂಪನಿಯ 40ನೇ ವರ್ಷದ ನೆನಪಿಗೆಂದು 1987ರ ಜುಲೈನಲ್ಲಿ ಇದನ್ನು ಬಿಡುಗಡೆ ಮಾಡಿದಾಗ ಸ್ಥಾಪಕ ಎಂಜೊ ಫೆರಾರಿಗೆ 89 ವರ್ಷ. ಮರುವರ್ಷ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು. ಅವರ ಕಾಲದಲ್ಲಿ ಹೊರಬಂದ ಕೊನೆಯ ಕಾರು ಇದು. ಇದರಲ್ಲಿ ಎಬಿಎಸ್ ಬ್ರೇಕ್ ಇಲ್ಲ, ಪವರ್ ಸ್ಟಿಯರಿಂಗ್ ಇಲ್ಲ. ರೇಡಿಯೋ ಇಲ್ಲ, ನೆಲಹಾಸೂ ಇಲ್ಲ. ಒಳಗಿನಿಂದ ಬಾಗಿಲು ತೆರೆಯಲು ಹಿಡಿಕೆಯ ಬದಲು ಒಂದು ದಾರ! ಉದ್ದೇಶ ಸ್ಪಷ್ಟ: ತೂಕ ಇಳಿಯಬೇಕು, ಚಾಲಕನಿಗೂ ರಸ್ತೆಗೂ ನಡುವೆ ಯಾರೂ ಬರಬಾರದು. ಹಗುರವಾದ ಕಾರು ತಿರುವಿನಲ್ಲಿ ಚುರುಕಾಗಿ ತಿರುಗುತ್ತದೆ, ಬ್ರೇಕಿನ ಮೇಲೆ ಭಾರವೂ ಕಡಿಮೆ. ಪಳಗಿದ ಕೈಗೆ ಇದು ವರ. ಮಿಕ್ಕವರಿಗೆ?

ಇಲ್ಲಿ ಇನ್ನೊಂದು ಲೆಕ್ಕವನ್ನು ನೆನಪಿಡಬೇಕು. ಗಂಟೆಗೆ 300 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 83 ಮೀಟರು ಸಾಗುತ್ತದೆ. ಎದುರಿಗೆ ಏನೋ ಕಂಡು, ಮನಸ್ಸು ಎಚ್ಚೆತ್ತು, ಕಾಲು ಬ್ರೇಕಿನ ಮೇಲೆ ಬೀಳಲು ಒಂದು ಸೆಕೆಂಡಾದರೆ ಅಷ್ಟು ದೂರ ಆಗಲೇ ಕಳೆದಿರುತ್ತದೆ. ಅಲ್ಲದೆ 100 ಕಿ.ಮೀ. ವೇಗಕ್ಕೆ ಹೋಲಿಸಿದರೆ 300ರಲ್ಲಿ ಬ್ರೇಕು ತಡೆಯಬೇಕಾದ ಚಲನಶಕ್ತಿ ಮೂರು ಪಟ್ಟಲ್ಲ, ಒಂಬತ್ತು ಪಟ್ಟು. ಇಂಥ ವೇಗದಲ್ಲಿ ಚಾಲಕನ ಸಣ್ಣ ತಪ್ಪೂ ಸಣ್ಣದಾಗಿ ಉಳಿಯುವುದಿಲ್ಲ. 959 ಆ ತಪ್ಪನ್ನು ಸ್ವಲ್ಪಮಟ್ಟಿಗೆ ಸರಿಪಡಿಸಲು ಯತ್ನಿಸುತ್ತದೆ. ಎಫ್-40 ಅದನ್ನು ಹಾಗೆಯೇ ಚಾಲಕನಿಗೆ ಹಿಂದಿರುಗಿಸುತ್ತದೆ.

ಹಾಗಾದರೆ ಆಯ್ಕೆ ಹೇಗೆ? ಎಷ್ಟು ವೇಗ ಎಂದು ಕೇಳುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಓಡಿಸುವವರು ಯಾರು? ಓಡುವ ರಸ್ತೆ ಯಾವುದು? ತಪ್ಪಾದಾಗ ಕಾರು ಏನು ಮಾಡುತ್ತದೆ? ತರಬೇತಿ ಪಡೆದ ಚಾಲಕ, ಮುಚ್ಚಿದ ರೇಸ್ ಪಥ, ಒಣ ನೆಲ: ಈ ಮೂರೂ ಇದ್ದರೆ ಫೆರಾರಿ ಕೊಡುವ ಅನುಭವ ಪೋರ್ಷೆಗೆ ಬಾರದು. ಮಳೆ, ಮಂಜು, ಎದುರಿನಿಂದ ಬರುವ ವಾಹನಗಳಿರುವ ಸಾರ್ವಜನಿಕ ರಸ್ತೆಯಾದರೆ ಪೋರ್ಷೆಯೇ ಮೇಲು.

ಕೊಂಡವರ ಸಂಖ್ಯೆ ಬೇರೆಯೇ ಕಥೆ ಹೇಳುತ್ತದೆ. 959 ತಯಾರಾದದ್ದು 300ರ ಒಳಗೆ. ಎಫ್-40, 1,300ಕ್ಕೂ ಹೆಚ್ಚು. ಜನರ ಮನಸ್ಸನ್ನು ಗೆದ್ದದ್ದು ಫೆರಾರಿ. ಆದರೆ ಮುಂದಿನ ದಾರಿ ತೋರಿದ್ದು ಪೋರ್ಷೆ. 1995ರಲ್ಲಿ ಅದರ 911 ಟರ್ಬೊ ಎರಡು ಟರ್ಬೊ, ನಾಲ್ಕು ಚಕ್ರಗಳ ಚಾಲನೆಯೊಡನೆ ಬಂತು. 2011ರಲ್ಲಿ ಫೆರಾರಿಯೂ ಎಫ್‌ಎಫ್ ಎಂಬ ಕಾರಿನಲ್ಲಿ ನಾಲ್ಕೂ ಚಕ್ರಗಳಿಗೆ ಬಲ ಕೊಟ್ಟಿತು. 959ರಲ್ಲಿದ್ದ, ಟೈರಿನ ಗಾಳಿ ಇಳಿದರೆ ಎಚ್ಚರಿಸುವ ಏರ್ಪಾಡು ಇಂದು ಮನೆಬಳಕೆಯ ಕಾರುಗಳಲ್ಲೂ ಇದೆ. ಎಬಿಎಸ್ ಬ್ರೇಕಂತೂ 2019ರ ಏಪ್ರಿಲ್‌ನಿಂದ ನಮ್ಮ ದೇಶದ ಹೊಸ ಕಾರುಗಳಿಗೆ ಕಡ್ಡಾಯವಾಗಿದೆ.

ಈ ಎರಡು ಕಾರುಗಳನ್ನು ನಾವು ನೀವು ಕೊಳ್ಳಲಾರೆವು. ಆದರೆ ನಾಳೆ ಯಾವುದೇ ಕಾರಿನ ಅಂಗಡಿಗೆ ಹೋದಾಗ ಆ ಮೂರು ಪ್ರಶ್ನೆಗಳನ್ನು ಕೇಳಬಹುದು. ಪೋರ್ಷೆ, ಫೆರಾರಿ ಎರಡರ ಲಾಂಛನದಲ್ಲೂ ಕುದುರೆಯಿದೆ. ಕುದುರೆಯನ್ನು ಆರಿಸುವ ಮುನ್ನ ಸವಾರ ತನ್ನನ್ನು ತಾನು ಅಳೆದುಕೊಳ್ಳುವುದು ಒಳ್ಳೆಯದು.