ತೋಟದಲ್ಲಿ ಹಾವಿನ ಸುಳಿವು

ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರದ ಕಡೆ ಮಳೆಯಾಶ್ರಿತ ಶೇಂಗಾ ಹೊಲಗಳ ನಡುವೆ ಕೊಳವೆಬಾವಿಯ ನೀರಿನಿಂದ ಬೆಳೆದ ಅಡಿಕೆ, ತೆಂಗಿನ ತೋಟಗಳಿವೆ. ಬಯಲು ಒಣಗಿದಾಗ ತೋಟದ ತಂಪಿಗೆ ಕಪ್ಪೆ, ಇಲಿಗಳು ಸೇರುತ್ತವೆ. ಅವುಗಳ ಹಿಂದೆಯೇ ಹಾವೂ ಬರುತ್ತದೆ. ಹಾವು ಕಣ್ಣಿಗೆ ಬೀಳುವ ಮೊದಲೇ ಅದರ ಸುಳಿವು ಸಿಗುವುದುಂಟು.

ಎಲ್ಲಕ್ಕಿಂತ ಖಚಿತವಾದ ಗುರುತು ಪೊರೆ. ಕಲ್ಲಿನ ಸಂದು, ಒಣಗಿದ ಗರಿಗಳ ರಾಶಿ, ಪಂಪ್ ಮನೆಯ ಮೂಲೆಗಳಲ್ಲಿ ಇದನ್ನು ಹುಡುಕಬೇಕು. ಕಳಚುವಾಗ ಪೊರೆ ಹಿಗ್ಗುವುದರಿಂದ ಅದರ ಉದ್ದ ಹಾವಿನ ಉದ್ದಕ್ಕಿಂತ ಹೆಚ್ಚಿರುತ್ತದೆ. ಅದನ್ನು ಅಳೆದು ಗಾಬರಿಪಡಬೇಕಾಗಿಲ್ಲ. ತಲೆಯ ಮೇಲೆ ಸಣ್ಣ ಹುರುಪೆಗಳೇ ತುಂಬಿದ್ದು, ಮೈಯ ಹುರುಪೆಗಳ ನಡುವೆ ಏಣು ಇದ್ದರೆ ಕೊಳಕುಮಂಡಲ ಅಥವಾ ಗರಗಸಮಂಡಲದ ಪೊರೆ ಇರಬಹುದು. ಬೆನ್ನಿನ ನಡುಸಾಲಿನ ಹುರುಪೆಗಳು ದೊಡ್ಡವಾಗಿ ಆರು ಮೂಲೆಯವಾಗಿದ್ದರೆ ಕಟ್ಟುಹಾವೆಂದು ಸಂಶಯಪಡಬೇಕು.

ಹಾದಿಯ ಗುರುತು ದೂಳಿನಲ್ಲಿ ಮಾತ್ರ ಉಳಿಯುತ್ತದೆ. ಸಂಜೆ ಪಂಪ್ ಮನೆಯ ಮುಂದಿನ ಮಣ್ಣನ್ನು ಸಮ ಮಾಡಿಟ್ಟು ಬೆಳಿಗ್ಗೆ ನೋಡಬಹುದು. ಸಾಮಾನ್ಯವಾಗಿ ಅಂಕುಡೊಂಕಾದ ಒಂದೇ ಗೆರೆ ಕಾಣುತ್ತದೆ. ಗರಗಸಮಂಡಲ ಓರೆಯಾಗಿ ಸರಿಯುವುದರಿಂದ ಒಂದಕ್ಕೊಂದು ಕೂಡದ ಓರೆ ಗೆರೆಗಳು ಬೀಳುತ್ತವೆ.

ನಮ್ಮ ತೋಟದ ಈ ಹಾವುಗಳು ಬಿಲ ತೋಡುವುದಿಲ್ಲ. ಇಲಿಯ ಬಿಲ, ಹುತ್ತಗಳಲ್ಲಿ ಸೇರಿಕೊಳ್ಳುತ್ತವೆ. ಬಿಲದ ಬಾಯಲ್ಲಿ ಹೊಸ ಮಣ್ಣಿದ್ದರೆ ಇಲಿ ಇದೆ ಎಂದರ್ಥ. ಇಲಿ ಇರುವಲ್ಲಿಗೆ ಹಾವು ಬರುವ ಸಂಭವ ಇದ್ದೇ ಇದೆ. ಮೈನಾ, ಅಳಿಲುಗಳು ಒಂದೇ ಕಡೆ ನೋಡುತ್ತ ಬಿಡದೆ ಕೂಗುತ್ತಿದ್ದರೆ ಅತ್ತ ಕೈ ಹಾಕಬಾರದು. ಆದರೆ ಬೆಕ್ಕನ್ನು ಕಂಡರೂ ಅವು ಹಾಗೆಯೇ ಕೂಗುತ್ತವೆ.

ಸುಳಿವು ಸಿಗಲಿಲ್ಲವೆಂದು ಹಾವಿಲ್ಲವೆಂದು ತಿಳಿಯುವುದು ಅಪಾಯ. ಗರಗಸಮಂಡಲ ಒಂದು, ಒಂದೂವರೆ ಅಡಿಯ ಹಾವು. ಕಿತ್ತು ಹಾಕಿದ ಶೇಂಗಾ ಬಳ್ಳಿಯ ಕೆಳಗಿದ್ದರೂ ತಿಳಿಯದು. ಬಳ್ಳಿಯ ಗುಡ್ಡೆಯನ್ನು ಮೊದಲು ಕೋಲಿನಿಂದ ಅಲುಗಿಸಿ ನಂತರ ಎತ್ತಬೇಕು. ರಾತ್ರಿ ನೀರು ಹಾಯಿಸುವವರಿಗೆ ಬ್ಯಾಟರಿ, ಬೂಟು ಎರಡೂ ಬೇಕು.

ಕಡಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಸಲ್ಲದು. ಕಡಿದ ಕೈಕಾಲನ್ನು ಅಲುಗಿಸದೆ ಆಸ್ಪತ್ರೆಗೆ ಸಾಗಿಸಬೇಕು. ಹಾವನ್ನು ಕೊಂದು ಒಯ್ಯುತ್ತ ಹೊತ್ತು ಕಳೆಯಬಾರದು. ನಾಗರಹಾವು, ಕಟ್ಟುಹಾವು, ಎರಡು ಬಗೆಯ ಮಂಡಲ ಈ ನಾಲ್ಕಕ್ಕೂ ಚುಚ್ಚುಮದ್ದು ಒಂದೇ. ಕಟ್ಟುಹಾವಿನ ಕಡಿತದಲ್ಲಿ ನೋವಾಗಲಿ ಗಾಯವಾಗಲಿ ಕಾಣದೇ ಇರಬಹುದು. ನೆಲದ ಮೇಲೆ ಮಲಗಿದ್ದವರಿಗೆ ಹೊಟ್ಟೆನೋವು ಬಂದು ಕಣ್ಣರೆಪ್ಪೆ ಜೋತುಬಿದ್ದರೆ ಅದನ್ನು ಹಾವಿನ ಕಡಿತವೆಂದೇ ಎಣಿಸಿ ತಕ್ಷಣ ಹೊರಡಬೇಕು.