ಗುಜರಿಗೆ ಹಾಕುವ ಮುನ್ನ: ಹಳೆಯ ಕನ್ನಡ ಟೈಪ್‌ರೈಟರ್ ಉಳಿಸಿಕೊಳ್ಳುವ ಬಗೆ

ರಾಯಚೂರು ಜಿಲ್ಲೆ ಸಿಂಧನೂರು ತಾಲೂಕಿನ ದಢೇಸುಗೂರು ತುಂಗಭದ್ರಾ ನದಿಯ ದಂಡೆಯ ಊರು. ಸುತ್ತಲೂ ಭತ್ತದ ಗದ್ದೆಗಳು. ಅಲ್ಲಿ ಪರಿಚಯದವರ ಮನೆಯ ಮೂಲೆಯಲ್ಲಿ, ಗೋಣಿಚೀಲದ ಕೆಳಗೆ, ನಾವು ಒಂದು ಕನ್ನಡ ಟೈಪ್‌ರೈಟರ್ ಕಂಡೆವು. ಕೀಲಿ ಒತ್ತಿದರೆ ಅಕ್ಷರದ ಕಡ್ಡಿ ಅರ್ಧಕ್ಕೇ ನಿಲ್ಲುತ್ತಿತ್ತು. ಮನೆಯವರು ಅದನ್ನು ಗುಜರಿಗೆ ಕೊಡಲು ತೀರ್ಮಾನಿಸಿದ್ದರು. ಬಿಚ್ಚಿ ನೋಡಿದರೆ ಮುರಿದದ್ದು ಏನೂ ಇರಲಿಲ್ಲ. ಧೂಳು ಮತ್ತು ಹಳೆಯ ಎಣ್ಣೆ ಸೇರಿ ಮೇಣದಂತೆ ಗಟ್ಟಿಯಾಗಿತ್ತು, ಅಷ್ಟೆ.

ಇಂತಹ ಯಂತ್ರಗಳು ನಮ್ಮ ಕರಾವಳಿಯ ಶಾಲೆ, ವಕೀಲರ ಕಚೇರಿ, ಚರ್ಚ್ ಕಚೇರಿಗಳ ಕಪಾಟುಗಳಲ್ಲೂ ಇರಬಹುದು. ಹಳೆಯ ಇಂಗ್ಲಿಷ್ ಯಂತ್ರವನ್ನು, ಅದರಲ್ಲೂ ಪೆಟ್ಟಿಗೆಯಲ್ಲಿ ಹೊತ್ತೊಯ್ಯುವ ಚಿಕ್ಕದನ್ನು, ಸಂಗ್ರಾಹಕರು ಹುಡುಕಿಕೊಂಡು ಬರುತ್ತಾರೆ. ಕನ್ನಡದ ದೊಡ್ಡ ಯಂತ್ರವನ್ನು ಕೇಳುವವರು ಕಡಿಮೆ. ಅದು ಕಿಲೋ ಲೆಕ್ಕದಲ್ಲಿ ಹೋಗುತ್ತದೆ. ಉಳಿಸಬೇಕಾದದ್ದು ಮಾತ್ರ ಅದನ್ನೇ.

ಕನ್ನಡ ಯಂತ್ರದ ವಿಶೇಷ

ಅಮೆರಿಕದಲ್ಲಿ ರೆಮಿಂಗ್ಟನ್ ಸಂಸ್ಥೆ 1874ರಲ್ಲಿ ಮಾರುಕಟ್ಟೆಗೆ ತಂದ ಟೈಪ್‌ರೈಟರ್ ಇಂಗ್ಲಿಷಿಗಾಗಿ ಹುಟ್ಟಿದ್ದು. ಸುಮಾರು 45 ಕೀಲಿ, ಒಂದೊಂದರಲ್ಲಿ ಎರಡು ಗುರುತು ಎಂದರೂ ಸಿಗುವುದು 90ರಷ್ಟು ಗುರುತು ಮಾತ್ರ. ಕನ್ನಡದ ಕಾಗುಣಿತ, ಒತ್ತಕ್ಷರಗಳನ್ನೆಲ್ಲ ಅಷ್ಟರಲ್ಲಿ ಹಿಡಿಸಬೇಕಿತ್ತು. ಕನ್ನಡ ಬೆರಳಚ್ಚಿನ ಕೀಲಿಮಣೆಗೆ ಕೆ. ಅನಂತಸುಬ್ಬರಾಯರ ಹೆಸರು ಸೇರಿಕೊಂಡಿರುವುದು ಈ ಕಾರಣಕ್ಕೆ. ಅಕ್ಷರವನ್ನು ಬಿಡಿ ಭಾಗಗಳಾಗಿ ಒಡೆದು, ಅವುಗಳನ್ನು ಒಂದರ ಪಕ್ಕ ಒಂದು ಹೊಡೆದು ಇಡೀ ಅಕ್ಷರ ಮೂಡಿಸುವುದು ಇಲ್ಲಿನ ಉಪಾಯ. ಕೆಲವು ಕೀಲಿಗಳನ್ನು ಒತ್ತಿದಾಗ ಕ್ಯಾರೇಜ್ ಮುಂದೆ ಸರಿಯುವುದೇ ಇಲ್ಲ. ಹಾಗಾಗಿ ಎರಡು ಗುರುತುಗಳು ಒಂದೇ ಜಾಗದಲ್ಲಿ ಕೂಡುತ್ತವೆ.

1963ರ ರಾಜಭಾಷಾ ಅಧಿನಿಯಮದ ನಂತರ ಸರಕಾರಿ ಕಚೇರಿಗಳಲ್ಲಿ ಕನ್ನಡ ಯಂತ್ರದ ಅಗತ್ಯ ಹೆಚ್ಚಿತು. ಮುಂದೆ ಕಂಪ್ಯೂಟರ್ ಬಂತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಲ್ಲಿ ಉಚ್ಚಾರಣೆಯಂತೆ ಒತ್ತಿದರೆ ಸಾಕು, ಅಕ್ಷರವನ್ನು ಕಂಪ್ಯೂಟರೇ ಜೋಡಿಸುತ್ತದೆ. 1955ರಿಂದ ಟೈಪ್‌ರೈಟರ್ ತಯಾರಿಸುತ್ತಿದ್ದ ಗೋದ್ರೆಜ್ ಸಂಸ್ಥೆ 2009ರಲ್ಲಿ ತಯಾರಿ ನಿಲ್ಲಿಸಿತು. ಹೀಗಾಗಿ ಇಂದು ಬಿಡಿಭಾಗ ಬೇಕೆಂದರೆ ಇನ್ನೊಂದು ಹಳೆಯ ಯಂತ್ರದಿಂದಲೇ ತೆಗೆಯಬೇಕು.

ಮೊದಲು ಪರೀಕ್ಷೆ

ಕೈ ಹಾಕುವ ಮುನ್ನ ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ಕ್ಯಾರೇಜ್ ಸರಿಯದಿದ್ದರೆ ಬಲವಂತ ಬೇಡ. ಅದನ್ನು ಎಳೆಯುವ ಹುರಿ ಕಡಿದಿರಬಹುದು. ಅದರ ಬದಲು ಗಾಳದ ದಪ್ಪ ನೈಲಾನ್ ಹುರಿ ಕಟ್ಟಬಹುದು. ಆದರೆ ಹುರಿ ಸುತ್ತುವ ಸ್ಪ್ರಿಂಗ್ ಬಿಗಿಯಾಗಿದ್ದರೆ ಒಮ್ಮೆಲೇ ಬಿಡಬಾರದು. ಸ್ಪ್ರಿಂಗೂ ಕೆಡುತ್ತದೆ, ಬೆರಳಿಗೂ ಪೆಟ್ಟಾಗುತ್ತದೆ.

ಶುಚಿ ಮಾಡುವ ಕ್ರಮ

ಒಣ ಧೂಳನ್ನು ಮೊದಲು ಮೆತ್ತನೆಯ ಬಣ್ಣದ ಬ್ರಷ್‌ನಿಂದ ತೆಗೆಯಬೇಕು. ಅಕ್ಷರದ ಕಡ್ಡಿಗಳು ಬಂದು ಕೂಡುವ ಅರ್ಧಚಂದ್ರದಂತಹ ಭಾಗದ ಸೀಳುಗಳಿಗೆ ಸ್ಪಿರಿಟ್ ಹಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಕೀಲಿಗಳನ್ನು ಮತ್ತೆ ಮತ್ತೆ ಒತ್ತಬೇಕು. ಕಿಟಕಿ ತೆರೆದಿರಲಿ, ಬೆಂಕಿ ಹತ್ತಿರ ಬೇಡ. ಸ್ಪಿರಿಟ್ ಹೊರಗಿನ ಬಣ್ಣಕ್ಕೆ ತಾಗದಂತೆಯೂ ನೋಡಿಕೊಳ್ಳಿ. ಇಲ್ಲಿ ಹೆಚ್ಚಿನವರು ಮಾಡುವ ತಪ್ಪೆಂದರೆ ಆ ಸೀಳುಗಳಿಗೆ ಎಣ್ಣೆ ಬಿಡುವುದು. ಒಂದು ವಾರ ಚೆನ್ನಾಗಿ ನಡೆಯುತ್ತದೆ, ಆಮೇಲೆ ಎಣ್ಣೆ ಧೂಳು ಹಿಡಿದು ಹಿಂದಿಗಿಂತ ಬಿಗಿಯಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಸಾಕು, ಅದೂ ಕ್ಯಾರೇಜ್ ಓಡುವ ಹಳಿಗೆ ಮಾತ್ರ.

ದಢೇಸುಗೂರಿನ ಯಂತ್ರ ಇಷ್ಟರಿಂದಲೇ ನಡೆಯತೊಡಗಿತು. ಆದರೆ ಒತ್ತಕ್ಷರ ತನ್ನ ಜಾಗ ಬಿಟ್ಟು ಪಕ್ಕಕ್ಕೆ ಬೀಳುತ್ತಿತ್ತು. ಇಂಗ್ಲಿಷ್ ಯಂತ್ರದಲ್ಲಿ ಕಡ್ಡಿ ಕೂದಲೆಳೆಯಷ್ಟು ಬಾಗಿದರೆ ಅಕ್ಷರ ಸ್ವಲ್ಪ ಸೊಟ್ಟಗಾಗುತ್ತದೆ, ಓದಲು ತೊಂದರೆಯಿಲ್ಲ. ಕನ್ನಡದಲ್ಲಿ ಎರಡು ಹೊಡೆತ ಕೂಡಿ ಒಂದು ಅಕ್ಷರವಾಗಬೇಕು. ಕಡ್ಡಿ ಬಾಗಿದರೆ ಅಕ್ಷರವೇ ಒಡೆಯುತ್ತದೆ. ಕಡ್ಡಿಯನ್ನು ನೇರಗೊಳಿಸುವುದು ಅನುಭವಿ ಮೆಕ್ಯಾನಿಕ್‌ನ ಕೆಲಸ. ಇಕ್ಕಳ ಹಿಡಿದು ನಾವೇ ಬಾಗಿಸಹೋದರೆ ತುದಿಯ ಅಚ್ಚು ಕಳಚಬಹುದು. ಇದನ್ನು ಬಲ್ಲವರು ವಯಸ್ಸಾದವರು. ಅವರು ಇರುವಾಗಲೇ ಯಂತ್ರವನ್ನು ಅವರ ಕೈಗೆ ಒಪ್ಪಿಸಿ, ಪಕ್ಕದಲ್ಲಿ ನಿಂತು ಕಲಿಯುವುದು ಒಳ್ಳೆಯದು.

ರಿಬ್ಬನ್ ಹಾಗೂ ರೋಲರ್

ಹೆಚ್ಚಿನ ಯಂತ್ರಗಳಿಗೆ ಅರ್ಧ ಇಂಚಿನ ರಿಬ್ಬನ್ ಸಾಲುತ್ತದೆ. ಹಳೆಯ ಸುರುಳಿಗಳನ್ನು ಬಿಸಾಡದೆ ಹೊಸ ರಿಬ್ಬನನ್ನು ಅವಕ್ಕೇ ಸುತ್ತಿಕೊಳ್ಳಿ. ರೋಲರಿನ ರಬ್ಬರ್ ಗಟ್ಟಿಯಾಗಿದ್ದರೆ ಬರೆಯುವ ಹಾಳೆಯ ಹಿಂದೆ ಇನ್ನೊಂದು ಹಾಳೆ ಇಡಿ. ಹೊಡೆತದ ಪೆಟ್ಟು ಕಡಿಮೆಯಾಗುತ್ತದೆ.

ಬಯಲುಸೀಮೆಯಲ್ಲಿ ಶತ್ರು ಧೂಳಾದರೆ ನಮ್ಮಲ್ಲಿ ಉಪ್ಪುಗಾಳಿ ಮತ್ತು ಮಳೆಗಾಲದ ತೇವ. ತುಕ್ಕನ್ನು ನಯವಾದ ಉಕ್ಕಿನ ನಾರಿನಿಂದ ಮೆಲ್ಲಗೆ ತೆಗೆದು ಎಣ್ಣೆಬಟ್ಟೆಯಿಂದ ಒರೆಸಿ. ಹೊಸ ಬಣ್ಣ ಬಳಿಯಬೇಡಿ, ಹಳೆಯ ಹೆಸರು, ಗುರುತುಗಳೆಲ್ಲ ಅಳಿಸಿಹೋಗುತ್ತವೆ. ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿದರೆ ಒಳಗೇ ಬೆವರುತ್ತದೆ. ಹತ್ತಿಬಟ್ಟೆಯ ಹೊದಿಕೆ ಸಾಕು.

ಕೊನೆಗೆ ಒಂದು ವಿನಂತಿ. ಯಂತ್ರವನ್ನು ಉಳಿಸಿಕೊಳ್ಳಲಾಗದಿದ್ದರೂ, ಕೊಡುವ ಮುನ್ನ ಪ್ರತಿಯೊಂದು ಕೀಲಿಯನ್ನು ಶಿಫ್ಟ್ ಇಲ್ಲದೆ ಒಮ್ಮೆ, ಶಿಫ್ಟ್ ಹಿಡಿದು ಒಮ್ಮೆ ಒತ್ತಿ ಒಂದು ಹಾಳೆಯಲ್ಲಿ ಅಚ್ಚು ತೆಗೆದಿಡಿ. ಕನ್ನಡವನ್ನು ಅಷ್ಟು ಕೀಲಿಗಳಲ್ಲಿ ಹೇಗೆ ಹಿಡಿಸಿದ್ದರು ಎಂಬುದಕ್ಕೆ ಆ ಒಂದು ಹಾಳೆ ಸಾಕ್ಷಿಯಾಗಿ ಉಳಿಯುತ್ತದೆ.